ಬೆನ್ನು ಎತ್ತಿದ್ದನ್ನು ಬೆರಳು ಬಿಡದಿರಲಿ: ಭಾರ ಎತ್ತುವವರು ಹಿಡಿತ ಗಟ್ಟಿ ಮಾಡಿಕೊಳ್ಳುವ ಕ್ರಮ

ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿರುವ ತೂಕದ ಬಾರನ್ನು ಎತ್ತಿ ನೆಟ್ಟಗೆ ನಿಲ್ಲುವ ಕಸರತ್ತು, ಮಾಡುವವರ ಪಕ್ಕದಲ್ಲಿ ನಿಂತು ನೋಡಿದರೆ ಒಂದು ದೃಶ್ಯ ಮತ್ತೆ ಮತ್ತೆ ಕಾಣಸಿಗುತ್ತದೆ. ಬಾರ್ ನೆಲ ಬಿಟ್ಟು ಏಳುತ್ತದೆ, ಮೊಣಕಾಲನ್ನೂ ದಾಟುತ್ತದೆ, ಬೆನ್ನು ನೆಟ್ಟಗಿರುತ್ತದೆ, ಕಾಲಿನಲ್ಲಿ ಇನ್ನೂ ಕಸುವು ಉಳಿದಿರುತ್ತದೆ; ಅಷ್ಟರಲ್ಲಿ ಕಿರುಬೆರಳು ಬಿಚ್ಚಿಕೊಂಡು, ಅದರ ಹಿಂದೆಯೇ ಉಂಗುರ ಬೆರಳೂ ಸಡಿಲಗೊಂಡು, ಬಾರ್ ಕೈಜಾರಿ ನೆಲಕ್ಕೆ ಅಪ್ಪಳಿಸುತ್ತದೆ. ಹೀಗಾದ ಮರುದಿನ ಕೆಲವರು ಮಣಿಕಟ್ಟನ್ನು ಬಾರಿಗೆ ಬಿಗಿಯುವ ಪಟ್ಟಿಯಾದ ಸ್ಟ್ರ್ಯಾಪ್ ಕೊಂಡು ತರುತ್ತಾರೆ, ಇನ್ನು ಕೆಲವರು ಸ್ಪ್ರಿಂಗಿನ ಗ್ರಿಪ್ಪರ್ ಹಿಡಿದು ಟಿ.ವಿ. ಮುಂದೆ ಕುಳಿತು ಒತ್ತತೊಡಗುತ್ತಾರೆ. ಇವೆರಡರಿಂದಲೂ ಮೂಲ ತೊಂದರೆ ನೀಗುವುದಿಲ್ಲ. ನಾನು ತಿದ್ದಿರುವ ಕೈಗಳಲ್ಲಿ ಹೆಚ್ಚಿನವು ಬಲವಿಲ್ಲದ ಕೈಗಳಾಗಿರಲಿಲ್ಲ. ಬಾರನ್ನು ತಪ್ಪು ಜಾಗದಲ್ಲಿ ಇರಿಸಿಕೊಂಡ ಕೈಗಳಾಗಿದ್ದವು.

ಬೆರಳುಗಳನ್ನು ಮಡಚುವ ಮುಖ್ಯ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹೊರಟ ಸ್ನಾಯುರಜ್ಜುಗಳು ಮಣಿಕಟ್ಟನ್ನು ಹಾದು ಬೆರಳಿನ ಗೆಣ್ಣುಗಳಿಗೆ ಅಂಟಿಕೊಂಡಿರುತ್ತವೆ. ಭಾರ ತೂಗಿದಾಗ ಬಾರ್ ನೇರವಾಗಿ ಕೆಳಗೆ ಬೀಳುವುದಿಲ್ಲ, ಬೆರಳ ತುದಿಯ ಕಡೆಗೆ ಉರುಳುತ್ತದೆ. ಆದ್ದರಿಂದ ಭಾರ ಎತ್ತುವವರ ಹಿಡಿತವೆಂದರೆ ಒತ್ತುವ ಶಕ್ತಿಯಲ್ಲ, ಬಿಚ್ಚಿಕೊಳ್ಳಲು ಬಿಡದಿರುವ ಶಕ್ತಿ; ಉಡದ ಪಟ್ಟು ಎನ್ನುತ್ತೇವಲ್ಲ, ಅಂಥದ್ದು. ಗ್ರಿಪ್ಪರ್ ಹಿಡಿಗಳು ಪೂರ್ತಿ ಕೂಡುವ ಕೊನೆಯ ಘಳಿಗೆಯಲ್ಲಿ ಮಾತ್ರ ಅತಿ ಹೆಚ್ಚು ಪ್ರತಿರೋಧ ಒಡ್ಡುತ್ತದೆ, ಬಾರ್ ಹಿಡಿದ ಕೈಯಾದರೋ ಆ ಮಟ್ಟಕ್ಕೆ ಎಂದೂ ಮುಚ್ಚುವುದಿಲ್ಲ. ಹವ್ಯಾಸಕ್ಕಾಗಿ ಒತ್ತುವವರು ಒತ್ತಲಿ, ಡೆಡ್‌ಲಿಫ್ಟಿಗೆ ಅದನ್ನು ನೆಚ್ಚಿಕೊಳ್ಳುವುದು ಬೇಡ.

ಹಂತ 1: ಈಗಿರುವ ಹಿಡಿತವನ್ನು ಅಳೆಯಿರಿ

ಎರಡೂ ಅಂಗೈಗಳು ದೇಹದ ಕಡೆ ಮುಖ ಮಾಡಿರುವ ಓವರ್‌ಹ್ಯಾಂಡ್ ಹಿಡಿತದಲ್ಲಿ, ಕೈಗೆ ಬಳಿದುಕೊಳ್ಳುವ ಚಾಕ್ ಪುಡಿಯಾಗಲಿ ಸ್ಟ್ರ್ಯಾಪ್ ಆಗಲಿ ಇಲ್ಲದೆ, ಬಾರನ್ನು ಎತ್ತಿ ನಿಂತು 10 ಸೆಕೆಂಡು ತಡೆಯಬಲ್ಲ ಅತಿ ಹೆಚ್ಚಿನ ತೂಕ ಎಷ್ಟೆಂದು ಕಂಡುಕೊಂಡು ಬರೆದಿಡಿ. ಇನ್ನೊಂದು ದಿನ ಪುಲ್‌ಅಪ್ ಸರಳಿಗೆ ಎಷ್ಟು ಹೊತ್ತು ಜೋತು ಬೀಳಬಲ್ಲಿರಿ ಎಂಬುದನ್ನೂ ನೋಡಿ. ಒಂದು ನಿಮಿಷವೂ ಆಗದಿದ್ದರೆ ಮೊದಲ ಕೆಲವು ವಾರ ಆ ಜೋತಾಟವನ್ನೇ ಅಭ್ಯಾಸವಾಗಿಸಿಕೊಳ್ಳುವುದು ಒಳ್ಳೆಯದು.

ಹಂತ 2: ಬಾರನ್ನು ಕೈಯಲ್ಲಿ ಕೂರಿಸುವುದು

ಬಹುತೇಕರು ಎಡವುವುದು ಇಲ್ಲೇ ಆದ್ದರಿಂದ ಈ ಹಂತವನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ.

ಬಾರನ್ನು ಅಂಗೈಯ ನಟ್ಟನಡುವೆ ಇಟ್ಟು ಮುಷ್ಟಿ ಕಟ್ಟುವುದು ಎಲ್ಲರಿಗೂ ಸಹಜವಾಗಿ ತೋರುತ್ತದೆ. ಹಾಗೆ ಹಿಡಿದಾಗ ನೆಲದ ಮೇಲಿರುವ ತನಕ ಹಿಡಿತ ಭದ್ರವೆನಿಸುತ್ತದೆ ನಿಜ. ಆದರೆ ತೂಕ ಮೇಲೆದ್ದ ಕ್ಷಣದಲ್ಲಿ ಬಾರ್ ಅಂಗೈಯ ನಡುವಿನಿಂದ ಬೆರಳಿನ ಬುಡಕ್ಕೆ ಇಳಿಯುತ್ತದೆ, ಇಳಿಯುವಾಗ ನಡುವಿನ ಚರ್ಮವನ್ನು ಮಡಿಕೆಯಾಗಿ ಹಿಂಡುತ್ತದೆ, ಮೊದಲೇ ಬಿಗಿದುಕೊಂಡಿದ್ದ ಬೆರಳುಗಳು ಆ ಇಳಿತದಷ್ಟೇ ಸಡಿಲಗೊಳ್ಳುತ್ತವೆ. ಅಂಗೈಯಲ್ಲಿ ಜಡ್ಡು ಹರಿದು ರಕ್ತ ಬರುವುದಕ್ಕೂ ಮೊಣಕಾಲಿನ ಮೇಲೆ ಬಾರ್ ಜಾರುವುದಕ್ಕೂ ಕಾರಣ ಈ ಒಂದೇ ತಪ್ಪು. ಬಾರ್ ಕೊನೆಗೆ ಹೋಗಿ ನಿಲ್ಲುವ ಜಾಗದಲ್ಲಿಯೇ ಅದನ್ನು ಮೊದಲಿಗೆ ಕೂರಿಸಿದರೆ ಜಾರಲು ದಾರಿಯೇ ಉಳಿಯುವುದಿಲ್ಲ.

ಆ ಜಾಗವೆಂದರೆ ಬೆರಳುಗಳು ಅಂಗೈಯನ್ನು ಸೇರುವ ಗೆರೆ. ಬಾರಿನ ಮುಂದೆ ನಿಂತು ಕೈಗಳನ್ನು ಭುಜದಿಂದ ನೇರವಾಗಿ ಇಳಿಬಿಡಿ. ಅಂಗೈ ತೆರೆದಿರುವಂತೆಯೇ ಆ ಗೆರೆಯನ್ನು ಬಾರಿನ ಮೇಲೆ ತಂದು, ಬೆರಳುಗಳನ್ನು ಕೊಕ್ಕೆಯಂತೆ ಬಾಗಿಸಿ ಬಾರಿನ ಕೆಳಗೆ ಇಳಿಸಿರಿ. ಮೊದಲು ಕಿರುಬೆರಳು, ಬಳಿಕ ಉಂಗುರ ಬೆರಳು, ಆಮೇಲೆ ಉಳಿದೆರಡು, ಕಟ್ಟಕಡೆಗೆ ಹೆಬ್ಬೆರಳು: ಈ ಅನುಕ್ರಮವನ್ನು ತಪ್ಪಿಸಬೇಡಿ. ತೋರುಬೆರಳಿನಿಂದ ಆರಂಭಿಸಿದವರಿಗೆ ಕಿರುಬೆರಳು ಬಾರಿನ ಮೇಲೆ ಬರಿದೇ ಒರಗಿಕೊಂಡಿರುವುದು ಗೊತ್ತೇ ಆಗುವುದಿಲ್ಲ, ಬಿಚ್ಚಿಕೊಳ್ಳುವಾಗ ಮೊದಲು ಬಿಚ್ಚಿಕೊಳ್ಳುವುದೂ ಅದೇ. ಹೆಬ್ಬೆರಳನ್ನು ಇತರ ಬೆರಳುಗಳ ಜೊತೆ ಒಂದೇ ಬದಿಗೆ ಸೇರಿಸಿ ಹಿಡಿಯುವ ರೂಢಿಯನ್ನು ಭಾರದ ಡೆಡ್‌ಲಿಫ್ಟಿನಲ್ಲಿ ಬಿಟ್ಟೇಬಿಡಬೇಕು.

ಮಣಿಕಟ್ಟಿನ ಮಾತೂ ಇದರ ಜೊತೆಗೇ ಬರುತ್ತದೆ. ಒಂದು ಪುಟ್ಟ ಪ್ರಯೋಗ ಮಾಡಿ ನೋಡಿ: ಮಣಿಕಟ್ಟನ್ನು ಒಳಕ್ಕೆ ಎಷ್ಟು ಸಾಧ್ಯವೋ ಅಷ್ಟು ಬಾಗಿಸಿ, ಬಾಗಿಸಿಟ್ಟುಕೊಂಡೇ ಮುಷ್ಟಿಯನ್ನು ಬಿಗಿಯಲು ಯತ್ನಿಸಿ. ಬಿಗಿಯಲಾಗುವುದಿಲ್ಲ, ಏಕೆಂದರೆ ಬೆರಳನ್ನು ಎಳೆಯಬೇಕಾದ ಸ್ನಾಯುಗಳು ಮಣಿಕಟ್ಟು ಬಾಗಿದಾಗಲೇ ಕುಗ್ಗಿಬಿಟ್ಟಿರುತ್ತವೆ, ಮತ್ತಷ್ಟು ಕುಗ್ಗಲು ಅವುಗಳಿಗೆ ಅವಕಾಶವಿರುವುದಿಲ್ಲ. ಬಾರನ್ನು ಗಟ್ಟಿಯಾಗಿ ಹಿಡಿಯುವ ಉತ್ಸಾಹದಲ್ಲಿ ಮಣಿಕಟ್ಟನ್ನು ಒಳಗೆಳೆದುಕೊಳ್ಳುವವರು ತಮ್ಮ ಹಿಡಿತವನ್ನು ತಾವೇ ಕುಗ್ಗಿಸಿಕೊಳ್ಳುತ್ತಾರೆ. ಮಣಿಕಟ್ಟು ಮುಂಗೈಯ ನೇರಕ್ಕಿರಲಿ, ತೋಳು ಹಗ್ಗದಂತೆ ಜೋತಾಡಲಿ.

ಬಾರಿನ ಆಯ್ಕೆಯೂ ಹಿಡಿತದ ಭಾಗವೇ. ಒಲಿಂಪಿಕ್ ಮಾದರಿಯ ಪುರುಷರ ಬಾರ್ 28 ಮಿ.ಮೀ. ದಪ್ಪ, 20 ಕೆ.ಜಿ. ತೂಕವಿದ್ದರೆ ಮಹಿಳೆಯರದು 25 ಮಿ.ಮೀ. ದಪ್ಪ, 15 ಕೆ.ಜಿ. ತೂಕವಿರುತ್ತದೆ. ಆ ಮೂರು ಮಿಲಿಮೀಟರ್ ಕಾಗದದ ಮೇಲೆ ಅಲ್ಪವಾಗಿ ಕಂಡರೂ ಬೆರಳು ಗಿಡ್ಡವಿರುವವರಿಗೆ ಅದು ದೊಡ್ಡ ಅಂತರವೇ ಸರಿ. ಬಾರಿನ ಮೇಲೆ ಹೆಣೆದಂತೆ ಕಾಣುವ ಒರಟು ಗೀರುಗಳಲ್ಲಿ ಹಳೆಯ ಪುಡಿ ಮತ್ತು ಸತ್ತ ಚರ್ಮ ತುಂಬಿಕೊಂಡಿದ್ದರೆ ಗಟ್ಟಿ ಬ್ರಶ್ಶಿನಿಂದ ಉಜ್ಜಿ ತೆಗೆಯಿರಿ. ಗೀರುಗಳು ಸವೆದು ನುಣುಪಾಗಿರುವ ಬಾರಿನೊಡನೆ ಹೆಣಗಾಡುವುದಕ್ಕಿಂತ ಬೇರೊಂದು ಬಾರ್ ಖಾಲಿಯಾಗುವ ತನಕ ಕಾಯುವುದು ಲೇಸು.

ಹಂತ 3: ಬೆವರನ್ನು ಒಣಗಿಸುವುದು

ಕೈಗೆ ಬೇಕಿರುವುದು ಮೆಗ್ನೀಸಿಯಂ ಕಾರ್ಬೊನೇಟ್, ಅಂದರೆ ಜಿಮ್ಮಿನವರು ಚಾಕ್ ಎಂದು ಕರೆಯುವ ಬಿಳಿ ಪುಡಿ ಅಥವಾ ಗಟ್ಟಿ. ಅದು ತೇವವನ್ನು ಹೀರಿ ಚರ್ಮ ಮತ್ತು ಲೋಹದ ನಡುವಿನ ಘರ್ಷಣೆಯನ್ನು ಹೆಚ್ಚಿಸುತ್ತದೆ. ಟಾಲ್ಕಂ ಪೌಡರ್ ಇದಕ್ಕೆ ತದ್ವಿರುದ್ಧ. ಪವರ್‌ಲಿಫ್ಟರುಗಳು ಅದನ್ನು ಬಾರ್ ಸಲೀಸಾಗಿ ಜಾರಲೆಂದು ತೊಡೆಗೆ ಬಳಿದುಕೊಳ್ಳುತ್ತಾರೆ, ಅಂಗೈಗೆ ತಾಕಿಸುವುದಿಲ್ಲ. ಪುಡಿ ಹಾರುವುದನ್ನು ಒಪ್ಪದ ಕಡೆಗಳಲ್ಲಿ ಆಲ್ಕೋಹಾಲಿನಲ್ಲಿ ಕಲಸಿದ ದ್ರವ ಚಾಕ್ ಬಳಸಬಹುದು, ಪೂರ್ತಿ ಒಣಗಿದ ಮೇಲೆ ಬಾರ್ ಹಿಡಿಯಿರಿ. ಹಿಟ್ಟಿನ ಡಬ್ಬಿಯಲ್ಲಿ ಕೈ ಅದ್ದಿದಂತೆ ಬಳಿದುಕೊಂಡರೆ ಪುಡಿಯೇ ಜಾರುವ ಪದರವಾಗುತ್ತದೆ.

ಕೈಗವಸಿನ ಬಗ್ಗೆ ನನ್ನ ಅಭಿಪ್ರಾಯ ಗಡುಸಾದದ್ದು: ಭಾರ ಎತ್ತುವವರಿಗೆ ಅದು ದಂಡ. ಒಳಗಿನ ಮೆತ್ತೆ ಬಾರನ್ನು ಇನ್ನಷ್ಟು ದಪ್ಪವಾಗಿಸುತ್ತದೆ, ಕವಸಿನೊಳಗೆ ಕೈ ಜಾರುತ್ತದೆ, ಬಾರಿನ ಸ್ಪರ್ಶವೇ ಸಿಗದೆ ಬೆರಳು ಬಿಚ್ಚುತ್ತಿರುವುದು ತಡವಾಗಿ ತಿಳಿಯುತ್ತದೆ.

ಹಂತ 4: ಹಿಡಿದು ನಿಲ್ಲುವುದು

ವಾರ್ಮ್‌ಅಪ್ ಸೆಟ್‌ಗಳೆಲ್ಲವನ್ನೂ ಓವರ್‌ಹ್ಯಾಂಡ್ ಹಿಡಿತದಲ್ಲಿಯೇ, ಪುಡಿಯಿಲ್ಲದೆ ಮಾಡಿರಿ. ಹಿಡಿತ ಸೋಲುವ ತೂಕಕ್ಕೆ ಬಂದಾಗ ಪುಡಿ, ಅದಕ್ಕೂ ಮೇಲೆ ಹೋದಾಗ ಬೇರೆ ಬಗೆಯ ಹಿಡಿತ. ಇದೊಂದೇ ಶಿಸ್ತು, ಬೇರೆ ಯಾವ ಕಸರತ್ತೂ ಇಲ್ಲದೆ, ಹಲವರ ಕೈಯನ್ನು ಕೆಲವೇ ತಿಂಗಳಲ್ಲಿ ಬದಲಿಸಿದ್ದನ್ನು ಕಂಡಿದ್ದೇನೆ.

ಅದರ ಮೇಲೆ ವಾರಕ್ಕೆ ಎರಡು ದಿನ, ಬೆನ್ನಿನ ಅಭ್ಯಾಸವೆಲ್ಲ ಮುಗಿದ ನಂತರ, ಬಾರ್ ಇರಿಸುವ ಚೌಕಟ್ಟಾದ ರ‍್ಯಾಕಿನ ಅಡ್ಡಸರಳುಗಳನ್ನು ಮೊಣಕಾಲಿಗಿಂತ ತುಸು ಮೇಲಕ್ಕೆ ಹೊಂದಿಸಿ ಬಾರನ್ನು ಅಲ್ಲಿರಿಸಿ. ಮೊದಲ ಹಂತದಲ್ಲಿ ಬರೆದಿಟ್ಟ ತೂಕಕ್ಕಿಂತ ಸುಮಾರು 10 ಕೆ.ಜಿ. ಕಡಿಮೆಯಿಂದ ಆರಂಭಿಸಿ, ಎತ್ತಿ ನಿಂತು 15 ಸೆಕೆಂಡು ಹಿಡಿಯಿರಿ. ಎರಡು ನಿಮಿಷ ಬಿಡುವು ಕೊಟ್ಟು ಇನ್ನೆರಡು ಬಾರಿ ಹಾಗೆಯೇ ಮಾಡಿ. ಮೂರೂ ಬಾರಿ 20 ಸೆಕೆಂಡು ನಿಂತ ದಿನ, ಮುಂದಿನ ಸಲಕ್ಕೆ 2.5 ಕೆ.ಜಿ. ಏರಿಸಬಹುದು. ಬೆರಳು ಬಿಚ್ಚಿ ಬಾರ್ ಬೀಳುವ ತನಕ ಕಾಯಬೇಡಿ, ಇನ್ನೊಂದೆರಡು ಸೆಕೆಂಡು ಉಳಿದಿದೆ ಎನ್ನುವಾಗಲೇ ಇಳಿಸಿರಿ. ಸ್ನಾಯು ಬೇಗ ಬಲಗೊಳ್ಳುತ್ತದೆ, ಸ್ನಾಯುರಜ್ಜು ನಿಧಾನ. ಈ ಅಂತರವನ್ನು ಮರೆತು ದಿನಾಲೂ ಹಿಡಿತದ ಅಭ್ಯಾಸ ಮಾಡಿದವರು ಮೊಣಕೈಯ ಒಳಬದಿಯ ನೋವಿನೊಂದಿಗೆ ತಿಂಗಳುಗಟ್ಟಲೆ ಕಳೆಯಬೇಕಾಗುತ್ತದೆ. ಆ ನೋವು ತಲೆಯೆತ್ತಿದರೆ ತೂಕವನ್ನು ಅರ್ಧಕ್ಕಿಳಿಸಿ, ಮಾಯದಿದ್ದರೆ ವೈದ್ಯರಿಗೆ ತೋರಿಸಿ.

ಹಂತ 5: ಓವರ್‌ಹ್ಯಾಂಡ್ ಸಾಲದಾದಾಗ

ಒಂದು ಅಂಗೈ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಮುಖ ಮಾಡಿರುವ ಮಿಶ್ರ ಹಿಡಿತದಲ್ಲಿ ಒಂದು ಕೈಯಿಂದ ಉರುಳಲು ಹೊರಟ ಬಾರನ್ನು ಇನ್ನೊಂದು ಕೈ ತಡೆಯುತ್ತದೆ. ಕಲಿಯಲು ಐದು ನಿಮಿಷ ಸಾಕು. ಆದರೆ ಅಂಗೈ ಮುಂದಕ್ಕಿರುವ ತೋಳಿನ ಮೊಣಕೈ ಎಳೆಯುವಾಗ ಎಳ್ಳಷ್ಟು ಬಾಗಿದರೂ ಬೈಸೆಪ್ಸಿನ ಸ್ನಾಯುರಜ್ಜು ಹರಿಯುವ ಅಪಾಯವಿದೆ, ಮೈಯೂ ಒಂದು ಬದಿಗೆ ತುಸು ತಿರುಚಿಕೊಳ್ಳುತ್ತದೆ. ಬಳಸುವವರು ಮೊಣಕೈಯನ್ನು ನೆಟ್ಟಗಿರಿಸಿ, ಅಭ್ಯಾಸದಲ್ಲಿ ಕೈಗಳನ್ನು ಅದಲುಬದಲು ಮಾಡುತ್ತಿರಬೇಕು.

ನಾನು ಕಲಿಸುವುದು ಹುಕ್ ಗ್ರಿಪ್. ಒಲಿಂಪಿಕ್ ಭಾರ ಎತ್ತುವವರು ಸ್ನ್ಯಾಚ್ (ಬಾರನ್ನು ಒಂದೇ ಸಲಕ್ಕೆ ತಲೆಯ ಮೇಲಕ್ಕೆತ್ತುವುದು) ಮತ್ತು ಕ್ಲೀನ್ (ಭುಜದವರೆಗೆ ಎತ್ತುವುದು) ಎರಡರಲ್ಲಿಯೂ ಬಾರನ್ನು ಹೀಗೆಯೇ ಹಿಡಿಯುತ್ತಾರೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮವನ್ನು ಬಾರಿಗೆ ಆದಷ್ಟು ಆಳವಾಗಿ ಒತ್ತಿ, ಹೆಬ್ಬೆರಳನ್ನು ಬಾರಿನ ಸುತ್ತ ಹೊರಳಿಸಿ, ಅದರ ಮೇಲೆ ತೋರುಬೆರಳನ್ನೂ ಮಧ್ಯದ ಬೆರಳನ್ನೂ ತಂದು, ಆ ಎರಡು ಬೆರಳುಗಳಿಂದ ಹೆಬ್ಬೆರಳನ್ನು ಇನ್ನಷ್ಟು ಒಳಕ್ಕೆ ಸೆಳೆಯಿರಿ. ಸೆಳೆಯುವುದು ಎಂಬ ಮಾತೇ ಇಲ್ಲಿ ಮುಖ್ಯ. ಹೊಸಬರು ಹೆಬ್ಬೆರಳನ್ನು ಬಾರಿಗೆ ಅದುಮಿ ಜಜ್ಜಿಕೊಳ್ಳುತ್ತಾರೆ, ಉಗುರಿನ ತುದಿಯನ್ನಷ್ಟೇ ಬೆರಳಿನಡಿ ಸಿಕ್ಕಿಸಿಕೊಂಡು ‘ಇದು ನಿಲ್ಲುವುದಿಲ್ಲ’ ಎಂದು ಕೈಬಿಡುತ್ತಾರೆ. ಸರಿಯಾಗಿ ಕೂತಾಗ ಹೆಬ್ಬೆರಳೇ ಬೆಣೆಯಂತೆ ಕೆಲಸ ಮಾಡಿ, ಬಾರ್ ಉರುಳಲು ಯತ್ನಿಸಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಮೊದಲ ಎರಡು ಮೂರು ವಾರ ನೋವಿರುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಿಮ್ಮ ಗರಿಷ್ಠ ತೂಕದ ಅರ್ಧದಿಂದ ಆರಂಭಿಸಿ, ದಿನಕ್ಕೆ ಒಂದೆರಡು ಸೆಟ್ ಮಾತ್ರ ಹೀಗೆ ಹಿಡಿದು, ಹೆಬ್ಬೆರಳಿಗೆ ಹಿಗ್ಗುವ ಬಟ್ಟೆಯ ಟೇಪನ್ನು ಒಂದು ಸುತ್ತು ಸುತ್ತಿಕೊಂಡರೆ ಅದು ಸಹನೀಯವಾಗುತ್ತದೆ. ಮರಗಟ್ಟುವಿಕೆ ಗಂಟೆಗಟ್ಟಲೆ ಉಳಿದರೆ ಮಾತ್ರ ನಿಲ್ಲಿಸಿರಿ.

ಸ್ಟ್ರ್ಯಾಪಿನ ಮೇಲೆ ನನಗೇನೂ ಹಗೆಯಿಲ್ಲ. ಬ್ರಿಟನ್ನಿನ ಬಲಶಾಲಿ ಎಡ್ಡಿ ಹಾಲ್ 2016ರಲ್ಲಿ 500 ಕೆ.ಜಿ. ಡೆಡ್‌ಲಿಫ್ಟ್ ಮಾಡಿದ್ದು ಸ್ಟ್ರ್ಯಾಪ್ ಕಟ್ಟಿಕೊಂಡೇ, ಸ್ಟ್ರಾಂಗ್‌ಮ್ಯಾನ್ ಸ್ಪರ್ಧೆಗಳಲ್ಲಿ ಅದಕ್ಕೆ ಅವಕಾಶವಿರುವುದುಂಟು. ಪವರ್‌ಲಿಫ್ಟಿಂಗ್ ಮತ್ತು ಒಲಿಂಪಿಕ್ ಸ್ಪರ್ಧೆಗಳಲ್ಲಿ ಇಲ್ಲ. ಹೆಚ್ಚು ಬಾರಿ ಎಳೆಯುವ ಬೆನ್ನಿನ ಕಸರತ್ತುಗಳಲ್ಲಿ ಕೈ ಸೋತಿತೆಂದು ಬೆನ್ನು ಸುಮ್ಮನಿರಬಾರದು, ಅಲ್ಲಿ ಕಟ್ಟಿಕೊಳ್ಳಿ. ಕ್ಲೀನ್ ಮಾಡುವಾಗ ಮಾತ್ರ ಖಂಡಿತ ಬೇಡ, ಬಾರನ್ನು ಬಿಡಲಾಗದೆ ಮಣಿಕಟ್ಟು ಮುರಿಯಬಹುದು.

ಹಂತ 6: ಪೂರಕ ಅಭ್ಯಾಸಗಳು

ಹೆಬ್ಬೆರಳಿಗಾಗಿ ಎರಡು ಪ್ಲೇಟುಗಳನ್ನು ನುಣುಪಾದ ಮುಖ ಹೊರಕ್ಕಿರುವಂತೆ ಜೋಡಿಸಿ ಚಿವುಟಿ ಎತ್ತುವುದು, ಎರಡು ಕೈಯಲ್ಲೂ ಭಾರದ ಡಂಬೆಲ್ ಹಿಡಿದು 30 ಮೀಟರ್ ನಡೆಯುವುದು, ಬೆರಳುಗಳ ಸುತ್ತ ರಬ್ಬರ್ ಬ್ಯಾಂಡ್ ಹಾಕಿ 25 ಬಾರಿ ಅಗಲಿಸುವುದು: ವಾರಕ್ಕೊಮ್ಮೆ ಇಷ್ಟು ಸಾಕು.

ದಪ್ಪ ಬಾರಿನ ಅಭ್ಯಾಸಕ್ಕೆ ಹಳೆಯ ಇತಿಹಾಸವಿದೆ. ಅಪೊಲೊನ್ ಎಂದು ಹೆಸರಾಗಿದ್ದ ಫ್ರಾನ್ಸಿನ ಬಲಶಾಲಿ ಲೂಯಿ ಯುನಿ ಬಳಸುತ್ತಿದ್ದ ರೈಲುಗಾಲಿಗಳ ಅಚ್ಚು ಸುಮಾರು 166 ಕೆ.ಜಿ. ತೂಗುತ್ತಿತ್ತು, ಅದರ ದಪ್ಪ ಹತ್ತಿರ ಹತ್ತಿರ 49 ಮಿ.ಮೀ. ಇತ್ತು. 1930ರಲ್ಲಿ ಶಾರ್ಲ್ ರಿಗೂಲೊ, 1949ರಲ್ಲಿ ಜಾನ್ ಡೇವಿಸ್ ಅದನ್ನು ತಲೆಯ ಮೇಲಕ್ಕೆತ್ತಿದರು. ಅಂಥ ಘಟಾನುಘಟಿಗಳನ್ನೂ ಕಾಡಿದ್ದು ತೂಕಕ್ಕಿಂತ ದಪ್ಪವೇ. ಇಂದು ಬಾರಿಗೆ ತೊಡಿಸುವ ರಬ್ಬರ್ ಕವಚ ಸಿಗುತ್ತದೆ. ಬಾರಿನ ಮೇಲೆ ಗಿರಗಿರನೆ ತಿರುಗುವ ಸಡಿಲ ಕವಚವನ್ನು ಕೊಳ್ಳಬೇಡಿ, ಅದರ ಬದಲು ಬಾರಿಗೆ ದಪ್ಪ ಟವೆಲ್ ಬಿಗಿಯಾಗಿ ಸುತ್ತಿದರೂ ಕೆಲಸ ಆಗುತ್ತದೆ.

ಜಡ್ಡುಗಳನ್ನು ಸ್ನಾನದ ನಂತರ ಮೆತ್ತಗಿರುವಾಗ ಉಜ್ಜುಗಲ್ಲಿನಿಂದ ಸಮ ಮಾಡಿಕೊಳ್ಳಿ, ಬ್ಲೇಡ್ ಹಾಕಬೇಡಿ.

ಎಂಟು ವಾರ ಕಳೆದ ಮೇಲೆ ಮೊದಲ ಹಂತದ ಪರೀಕ್ಷೆಯನ್ನು ಪುನಃ ಮಾಡಿ. ಅದಕ್ಕೆ ಮುನ್ನ ಎರಡು ದಿನ ಕೈಗೆ ಪೂರ್ತಿ ಬಿಡುವಿರಲಿ, ಈ ಸಲವೂ ಪುಡಿ ಬಳಸದಿರಿ, ಅಂದು ಹಿಡಿದಿದ್ದ ಬಾರನ್ನೇ ಹುಡುಕಿ ತೆಗೆದುಕೊಳ್ಳಿ. ಬಾರ್ ಬದಲಾದರೆ ಎರಡು ಅಂಕಿಗಳನ್ನು ಹೋಲಿಸಲು ಬರುವುದಿಲ್ಲ.