ಆಮೆ ಕೊಟ್ಟ ಎರಡು ವರ, ನಾನು ಹರಿದ ಮೂರು ಕರಡು

ವರ ಕೊಡುವ ಕಥೆ ಬರೆಯುವುದು ಸುಲಭ ಅಂದುಕೊಂಡಿದ್ದೆ. ಕೊಡಲು ಒಂದು ಆಮೆ, ಕೇಳಲು ಇಬ್ಬರು, ಕೊನೆಗೆ ದುರಾಸೆಯವನಿಗೆ ತಕ್ಕ ಶಾಸ್ತಿ. ಎರಡು ದಿನದಲ್ಲಿ ಮುಗಿಸಿದೆ. ಅಕ್ಕ ನೀಲಿ ಹೊಳೆ ದಾಟಿಸುವ ದೋಣಿಯವಳು, ತುಂಬಾ ಒಳ್ಳೆಯವಳು. ತಮ್ಮ ಸೋಮ ಆಸೆಬುರುಕ. ನನ್ನ ಅಕ್ಕನ ಮಗಳಿಗೆ ಒಂಬತ್ತು ವರ್ಷ. ಅವಳಿಗೆ ಓದಿ ಹೇಳಲು ಕೂತೆ. ಎರಡನೇ ಪುಟಕ್ಕೇ ಕೇಳಿದಳು: "ಸೋಮ ಕೊನೆಗೆ ಹೊಳೆಗೆ ಬೀಳ್ತಾನೆ ಅಲ್ವಾ ಚಿಕ್ಕಮ್ಮ?"

ಬೀಳುತ್ತಿದ್ದ. ಅಲ್ಲಿಗೆ ಮೊದಲ ಕರಡು ಹೋಯಿತು.

ತಪ್ಪು ಎಲ್ಲಿ ಅಂತ ತಿಳಿಯಲು ಸುಮಾರು ದಿನ ಬೇಕಾಯಿತು. ಒಳ್ಳೆಯವರು, ಕೆಟ್ಟವರು ಅಂತ ಮೊದಲೇ ಹಂಚಿಬಿಟ್ಟರೆ ಜಗಳ ಇರುತ್ತದೆ, ಸಂಘರ್ಷ ಇರುವುದಿಲ್ಲ. ಯಾರು ಗೆಲ್ಲಬೇಕು ಅಂತ ಓದುವವರಿಗೆ ಅನುಮಾನವೇ ಇಲ್ಲವಲ್ಲ. ಆಗ ನೆನಪಾದದ್ದು ಈಸೋಪನ ಒಂದು ಪುಟ್ಟ ಕಥೆ. ಒಬ್ಬ ಅಪ್ಪ, ಇಬ್ಬರು ಹೆಣ್ಣುಮಕ್ಕಳು. ಒಬ್ಬಳ ಗಂಡ ತೋಟಗಾರ, ಅವಳಿಗೆ ಮಳೆ ಬೇಕು. ಇನ್ನೊಬ್ಬಳ ಗಂಡ ಕುಂಬಾರ, ಅವಳಿಗೆ ಬಿಸಿಲು ಬೇಕು. ಅಪ್ಪ ಏನಂತ ಬೇಡಿಕೊಳ್ಳಬೇಕು? ಇಬ್ಬರ ಆಸೆಯೂ ನ್ಯಾಯವೇ. ಒಂದು ನಡೆದರೆ ಇನ್ನೊಂದು ಕೆಡುತ್ತದೆ.

ಸೋಮನ ಆಸೆಬುರುಕತನ ಕಿತ್ತು ಹಾಕಿದೆ. ಅವನಿಗೆ ಹೊಳೆದಂಡೆಯಲ್ಲಿ ಒಂದು ಹೊಲ ಕೊಟ್ಟೆ. ನೀಲಿಯ ಅಮ್ಮನನ್ನು ನೆರೆಯಲ್ಲಿ ಕಳೆದೆ. ಈಗ ನೀಲಿ ಕೇಳುವ ಮೊದಲ ವರ ತಾನಾಗಿಯೇ ಬಂತು: "ಈ ಹೊಳೆ ಇನ್ನು ಯಾವತ್ತೂ ಉಕ್ಕಬಾರದು." ಆಮೆ ಆಗಲಿ ಎಂದಿತು. ಹೊಳೆ ಸಾಧುವಾಯಿತು. ದೋಣಿ ಮುಳುಗುವುದು ನಿಂತಿತು. ಆದರೆ ನೆರೆ ಬಂದರೆ ತಾನೇ ದಂಡೆಗೆ ಮೆಕ್ಕಲು ಮಣ್ಣು ಬರುವುದು? ವರ್ಷದಿಂದ ವರ್ಷಕ್ಕೆ ಸೋಮನ ಹೊಲ ಸಪ್ಪೆಯಾಯಿತು.

ಇದನ್ನು ಅಕ್ಕತಮ್ಮ ಕೂತು ವಾದ ಮಾಡುವ ಹಾಗೆ ಬರೆದಿದ್ದೆ. ಓದಲು ಪಂಚಾಯಿತಿ ಕಟ್ಟೆಯ ಹಾಗಿತ್ತು. ಗ್ರಿಮ್ ಸಹೋದರರ 1812ರ ಸಂಗ್ರಹದಲ್ಲಿ ಮೀನುಗಾರ ಮತ್ತವನ ಹೆಂಡತಿಯ ಕಥೆ ಇದೆ. ವರ ಕೊಡುವ ಮೀನಿನ ಹತ್ತಿರ ಹೆಂಡತಿ ಕೇಳುವುದು ದೊಡ್ಡದಾಗುತ್ತಾ ಹೋದಂತೆ ಕಡಲು ಬಣ್ಣಗೆಡುತ್ತಾ, ಕೆರಳುತ್ತಾ ಹೋಗುತ್ತದೆ. ಯಾರೂ ಉಪದೇಶ ಮಾಡಬೇಕಾಗಿಲ್ಲ. ಅದನ್ನು ನೋಡಿ ವಾದವನ್ನೆಲ್ಲ ಅಳಿಸಿ, ಸೋಮ ಪ್ರತಿ ವರ್ಷ ಒಂದು ಹಿಡಿ ಮಣ್ಣು ತಂದು ದೋಣಿಯ ಅಂಚಿನ ಮೇಲೆ ಇಟ್ಟು ಹೋಗುವ ಹಾಗೆ ಮಾಡಿದೆ. ಮೊದಲ ವರ್ಷ ಕಪ್ಪು. ಆಮೇಲೆ ಕಂದು. ಆಮೇಲೆ ಬೂದಿ.

ವರಗಳ ಲೆಕ್ಕದ್ದು ಇನ್ನೊಂದು ತಲೆನೋವು. ಮೂರು ಅಂತ ಶುರು ಮಾಡಿದ್ದೆ, ಸುಮ್ನೆ ರೂಢಿ. ನಡುವಿನದಕ್ಕೆ ಏನೂ ಕೆಲಸ ಇರಲಿಲ್ಲ, ತೆಗೆದೆ. ಉಳಿದ ಒಂದನ್ನು ನೀಲಿ ಕೇಳದೆ ಇಟ್ಟುಕೊಂಡಳು. ದಶರಥ ಕೊಟ್ಟ ಎರಡು ವರಗಳನ್ನು ಕೈಕೇಯಿ ಅಂದೇ ಕೇಳಿ ಮುಗಿಸಿದ್ದರೆ ರಾಮಾಯಣವೇ ಇರುತ್ತಿರಲಿಲ್ಲ, ಅಲ್ವಾ? ಕೂಡಿಟ್ಟ ವರಕ್ಕೆ ಖರ್ಚಾದ ವರಕ್ಕಿಂತ ತೂಕ ಜಾಸ್ತಿ. ನೀಲಿ ಅದನ್ನು ಇಟ್ಟುಕೊಂಡದ್ದು ಅಮ್ಮನನ್ನು ಒಂದೇ ಒಂದು ದಿನ ನೋಡಲು. ಯಾವ ದಿನ ಅಂತ ತೀರ್ಮಾನ ಆಗದೆ ಮುಂದಕ್ಕೆ ಹಾಕುತ್ತಲೇ ಇದ್ದಳು.

ಒಂದು ನಿಯಮವೂ ಬೇಕಿತ್ತು: ಕೊಟ್ಟ ವರವನ್ನು ಬಿಡಿಸಲು ಇನ್ನೊಂದು ವರವೇ ಬೇಕು, ಅದನ್ನು ಕೇಳಿದವರೇ ಕೇಳಬೇಕು. ಇದನ್ನು ಕೊನೆಗೆ ಹೇಳಿದರೆ ಮೋಸ. ಹಾಗಾಗಿ ಮೊದಲ ಪುಟದಲ್ಲೇ ಆಮೆ ಬಾಯಲ್ಲಿ ಹೇಳಿಸಿದೆ. ಆಗ ನೀಲಿ ಹುಟ್ಟು ಒರೆಸುತ್ತಾ ಅರ್ಧ ಕಿವಿಯಲ್ಲಿ ಕೇಳುತ್ತಿದ್ದಳು.

ನಿಜವಾಗಿ ಒದ್ದಾಡಿದ್ದು ತ್ಯಾಗದ ಜಾಗದಲ್ಲಿ. ಎರಡನೇ ಕರಡಿನಲ್ಲಿ ಆಮೆಯೇ ಬೆಲೆ ಹೇಳಿತ್ತು: "ನಿನ್ನ ದನಿ ಕೊಡು." ಬರೆದ ಮೇಲೆ ಗೊತ್ತಾಯಿತು, ಇದು ಡೆನ್ಮಾರ್ಕಿನ ಕಥೆಗಾರ ಆಂಡರ್ಸನ್ 1837ರಲ್ಲಿ ಬರೆದ ಪುಟ್ಟ ಮತ್ಸ್ಯಕನ್ಯೆಯ ದನಿ. ನಾಚಿಕೆಯಾಗಿ ಆ ಕಥೆಯನ್ನು ಮತ್ತೆ ಓದಿದೆ. ಅವಳು ಕಾಲಿಗಾಗಿ ದನಿ ಕೊಡುವುದು ತ್ಯಾಗವೇ ಅಲ್ಲ ಅನ್ನಿಸಿತು. ಅದು ವ್ಯಾಪಾರ. ಕೊನೆಯಲ್ಲಿ ಅಕ್ಕಂದಿರು ತಮ್ಮ ಕೂದಲು ಕೊಟ್ಟು ಒಂದು ಚೂರಿ ತರುತ್ತಾರಲ್ಲ, ರಾಜಕುಮಾರನನ್ನು ಕೊಂದರೆ ನೀನು ಉಳಿಯುತ್ತೀಯ ಅಂತ. ಅವಳು ಚೂರಿಯನ್ನು ಅಲೆಗೆ ಎಸೆಯುತ್ತಾಳೆ. ಹಾಗೆ ಮಾಡು ಅಂತ ಯಾರೂ ಕೇಳಿರಲಿಲ್ಲ. ತ್ಯಾಗ ಇರುವುದು ಅಲ್ಲಿ. ಪುಣ್ಯಕೋಟಿ ಹುಲಿಯ ಗವಿಗೆ ವಾಪಸ್ ನಡೆಯುವಾಗಲೂ ಹಗ್ಗ ಹಿಡಿದು ಎಳೆಯುವವರು ಯಾರೂ ಇಲ್ಲ.

ಹಾಗಾಗಿ ಆಮೆಯ ಬಾಯಿ ಮುಚ್ಚಿಸಿದೆ. ಸೋಮನೂ ಕೇಳುವುದಿಲ್ಲ. ಅಕ್ಕನ ಹತ್ತಿರ ಇನ್ನೊಂದು ವರ ಇದೆ ಅನ್ನುವುದೇ ಅವನಿಗೆ ಗೊತ್ತಿಲ್ಲ. ಬೂದಿ ಬಣ್ಣದ ಮಣ್ಣು ದೋಣಿಯ ಮೇಲೆ ಇಟ್ಟ ವರ್ಷ, ನೀಲಿ ರಾತ್ರಿ ಒಬ್ಬಳೇ ಹೋಗಿ ಹೊಳೆಯನ್ನು ಬಿಟ್ಟುಬಿಡು ಅಂತ ಆಮೆಗೆ ಹೇಳುತ್ತಾಳೆ. ಅಮ್ಮನ ದಿನ ಅಲ್ಲಿಗೆ ಮುಗಿಯಿತು. ಮೇಲಾಗಿ, ಉಕ್ಕುವ ಹೊಳೆಯಲ್ಲಿ ದಿನಾ ದೋಣಿ ಹಾಕಬೇಕಾದವಳೂ ಅವಳೇ.

ಒಂದು ಭಯ ಇತ್ತು. ಕೊನೆಯ ವರ ಮೊದಲಿನದನ್ನು ಅಳಿಸುವುದು ಹಳೇ ತಮಾಷೆಯ ಕಥೆಗಳ ಚೌಕಟ್ಟು. ಫ್ರಾನ್ಸಿನ ಕಥೆಗಾರ ಪೆರೋ 1693ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಸೌದೆ ಕಡಿಯುವವನ ಹೆಂಡತಿಯ ಮೂಗಿಗೆ ಮಾಂಸದ ಕಡುಬಿನಂಥದ್ದು ಅಂಟಿಕೊಳ್ಳುತ್ತದೆ, ಮೂರನೇ ವರ ಅದನ್ನು ಬಿಡಿಸುವುದಕ್ಕೇ ಖರ್ಚು. ನನ್ನದೂ ಅದೇ ಎಲುಬು. ಆದರೆ ಅಲ್ಲಿ ಕೈಜಾರಿದ ವರಗಳಿಗೆ ನಾವು ನಗುತ್ತೇವೆ. ನೀಲಿಯ ಕೈಯಿಂದ ಏನೂ ಜಾರಲಿಲ್ಲ, ಅವಳೇ ತೆರೆದಳು. ಇಷ್ಟು ವ್ಯತ್ಯಾಸ ಸಾಕು ಅಂತ ಧೈರ್ಯ ಮಾಡಿದೆ.

ಮೂರನೇ ಕರಡು ಕೆಟ್ಟದ್ದು ನನ್ನ ಮೆತ್ತನೆ ಮನಸ್ಸಿನಿಂದ. ಆಮೆ "ಮೆಚ್ಚಿದೆ ಮಗಳೇ" ಅಂದು ಅಮ್ಮನನ್ನು ಬದುಕಿಸಿ ತಂದುಬಿಟ್ಟಿತು. ಬರೆಯುವಾಗ ನನಗೇ ಅಳು ಬಂತು. ಅಕ್ಕನ ಮಗಳು ಅಳಲಿಲ್ಲ. "ಹಾಗಾದ್ರೆ ನೀಲಿ ಕೊಟ್ಟಿದ್ದೇನು?" ಅಂದಳು.

ಆ ಪುಟಗಳನ್ನೂ ಹರಿದೆ. ಸೋಮನಿಗೆ ಎಲ್ಲ ಗೊತ್ತಾಗಿ ಅಕ್ಕನ ಕೈ ಹಿಡಿದು ಅಳುವ ಪುಟವನ್ನೂ ಹರಿದೆ, ಅದೂ ಒಂದು ಥರ ಬಹುಮಾನವೇ. ಈಗ ಕಥೆ ಇಲ್ಲಿ ನಿಲ್ಲುತ್ತದೆ: "ನೆರೆ ಇಳಿದ ಮೇಲೆ ಸೋಮ ಹೊಲಕ್ಕೆ ಹೋಗಿ ಮಣ್ಣು ಮುಟ್ಟಿ ನೋಡಿದ. ನೀಲಿ ದೋಣಿಯೊಳಗಿನ ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದಳು." ಇದಾದ ಮೇಲೆ ಇನ್ನೊಂದು ವಾಕ್ಯ ಬೇಕು ಅಂತ ಕೈ ತುರಿಸುತ್ತಲೇ ಇರುತ್ತದೆ. ಎಷ್ಟೋ ಸಲ ಬರೆದೆ, ಅಷ್ಟೂ ಸಲ ಹೊಡೆದು ಹಾಕಿದೆ.