ಯಾರಿಗೂ ಹೇಳದೆ ಓಡಿದ ಹದಿನೆಂಟು ವಾರ

ಮೊದಲ ಸಲ ಮ್ಯಾರಥಾನ್ ತಯಾರಿ ಶುರು ಮಾಡಿದಾಗ ಓಡುವುದಕ್ಕೂ ಮುಂಚೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಆಫೀಸಿನಲ್ಲಿ, ನೆಂಟರಲ್ಲಿ, ಹಳೇ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ. ಹತ್ತು ಜನರಿಗೆ ಗೊತ್ತಾಗಿಬಿಟ್ಟರೆ ಮರ್ಯಾದೆಗೆ ಅಂಜಿಯಾದರೂ ಓಡುತ್ತೇನೆ ಅನ್ನುವ ಲೆಕ್ಕ. ಪ್ರತಿ ಓಟವನ್ನೂ ಆ್ಯಪ್‌ಗೆ ಹಾಕುತ್ತಿದ್ದೆ. ಒಳ್ಳೇ ಮಾತುಗಳು ಬರುತ್ತಿದ್ದವು. ಹತ್ತನೇ ವಾರದ ಹೊತ್ತಿಗೆ ಅವು ಕಡಿಮೆಯಾದವು. ಇನ್ನೊಬ್ಬರ ಓಟವನ್ನು ಎಷ್ಟು ದಿನ ಅಂತ ನೋಡುತ್ತಾರೆ, ಅಲ್ವಾ? ಆದರೆ ಅದರ ಜೊತೆಗೇ ನನ್ನ ಕಾಲೂ ನಿಂತಿತು. ಹದಿಮೂರನೇ ವಾರ ತಯಾರಿಯನ್ನೇ ಬಿಟ್ಟೆ. ಗಾಯ ಆಗಿರಲಿಲ್ಲ, ಹುಷಾರೂ ತಪ್ಪಿರಲಿಲ್ಲ. ಸುಮ್ನೆ ಬಿಟ್ಟೆ.

ತುಂಬಾ ದಿನ ಆ ಬೇಸರ ಇತ್ತು. ಆಗಲೇ ಎಡ್ವರ್ಡ್ ಡೀಸಿ ಅನ್ನುವ ಮನಶ್ಶಾಸ್ತ್ರಜ್ಞರು 1971ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಓದಿದ್ದು. ವಿದ್ಯಾರ್ಥಿಗಳಿಗೆ ಜೋಡಿಸಿ ಆಡುವ ಒಗಟು ಕೊಟ್ಟರು. ಕೆಲವರಿಗೆ ನಡುವೆ ಒಂದು ದಿನ ಪ್ರತಿ ಒಗಟು ಬಿಡಿಸಿದ್ದಕ್ಕೂ ದುಡ್ಡು ಕೊಟ್ಟರು, ಮುಂದಿನ ಸಲ ದುಡ್ಡು ನಿಲ್ಲಿಸಿದರು. ಆಗ ಬಿಡುವಿನ ಸಮಯದಲ್ಲಿ ಅವರು ಒಗಟಿನ ಮೇಲೆ ಕೈಯಾಡಿಸುವುದು ಮೊದಲಿಗಿಂತ ಕಡಿಮೆಯಾಗಿತ್ತು. ನನಗೆ ಬರುತ್ತಿದ್ದ ಹೊಗಳಿಕೆ ಥೇಟ್ ಆ ದುಡ್ಡಿನ ಹಾಗೇ ಕೆಲಸ ಮಾಡಿತ್ತು ಅನ್ನಿಸಿತು.

ಮುಂದಿನ ವರ್ಷ ಮತ್ತೆ ಹೆಸರು ಕೊಟ್ಟೆ. ಈ ಸಲ ಗಂಡನಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಬೆಳಗ್ಗೆ ಐದಕ್ಕೆ ಮನೆಯಿಂದ ಹೊರಬೀಳುವವಳು ಮನೆಯವರಿಗಾದರೂ ಹೇಳಲೇಬೇಕು. ಆ್ಯಪ್ ತೆಗೆದೆ. ಹದಿನೆಂಟು ವಾರದ ಯೋಜನೆ, ವಾರಕ್ಕೆ ನಾಲ್ಕು ಓಟ.

ಮೊದಲ ಮೂರು ವಾರ ಖಾಲಿ ಖಾಲಿ. ನೋಡುವವರಿಲ್ಲ, ಕೇಳುವವರಿಲ್ಲ, ಒಳಗೆ ಹುಡುಕಿದರೂ ಏನೂ ಸಿಗಲಿಲ್ಲ. ಯಾಕೆ ಓಡುತ್ತೀನಿ ಅಂತ ಒಂದು ಹಾಳೆಯಲ್ಲಿ ಬರೆದೆ. ಆರೋಗ್ಯ, ಮಗಳಿಗೆ ಮಾದರಿ, ವಯಸ್ಸು ನಲವತ್ತು ದಾಟಿದರೂ ಆಗುತ್ತದೆ ಅಂತ ತೋರಿಸಬೇಕು. ಎಲ್ಲವೂ ನಿಜವೇ. ಆದರೆ ಕತ್ತಲಲ್ಲಿ ಅಲಾರಾಂ ಹೊಡೆದಾಗ ಆ ಹಾಳೆಯ ಒಂದು ಸಾಲೂ ನನ್ನನ್ನು ಎಬ್ಬಿಸಲಿಲ್ಲ. ಆ ಹೊತ್ತಿಗೆ ದೊಡ್ಡ ಕಾರಣಗಳು ಬಹಳ ದೂರದಲ್ಲಿರುತ್ತವೆ.

ಎಬ್ಬಿಸಿದ್ದು ತೀರಾ ಸಣ್ಣದು. ನಾಲ್ಕನೇ ಕಿಲೋಮೀಟರ್.

ಓಟ ಶುರುವಾದ ಮೊದಲ ಕೆಲವು ನಿಮಿಷ ಎದೆಬಡಿತವೂ ಉಸಿರೂ ಕಾಲಿನ ಬೇಡಿಕೆಗಿಂತ ಹಿಂದೆ ಇರುತ್ತವೆ. ಅದಕ್ಕೇ ಮೊದಮೊದಲು ಮೈ ಭಾರ, ಎಲ್ಲಾ ಕಷ್ಟ. ನನಗೆ ಮೂರು ಮುಗಿದು ನಾಲ್ಕು ಶುರುವಾಗುವ ಹೊತ್ತಿಗೆ ಒಂದು ಬದಲಾವಣೆ ಆಗುತ್ತಿತ್ತು. ಭುಜ ತಾನಾಗಿ ಕೆಳಗಿಳಿಯುತ್ತಿತ್ತು. ಮೂರು ಹೆಜ್ಜೆಗೆ ಉಸಿರು ಒಳಗೆ, ಮೂರು ಹೆಜ್ಜೆಗೆ ಹೊರಗೆ, ಯಾರೂ ಎಣಿಸದೆ. ಶೂ ನೆಲಕ್ಕೆ ತಾಗುವ ಸದ್ದು ಮೆತ್ತಗಾಗುತ್ತಿತ್ತು. ಮೊದಲ ಸಲದ ತಯಾರಿಯಲ್ಲಿ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಆಗ ಆ್ಯಪ್‌ನಲ್ಲಿ ಪೇಸ್, ಅಂದರೆ ವೇಗ, ಚೆನ್ನಾಗಿ ಕಾಣಲಿ ಅಂತ ಪ್ರತಿ ದಿನ ಏದುಸಿರು ಬಿಟ್ಟು ಓಡುತ್ತಿದ್ದೆ. ಈಗ ನೋಡುವವರಿಲ್ಲದ್ದರಿಂದ ನಿಧಾನ ಓಡಲು ನಾಚಿಕೆ ಆಗಲಿಲ್ಲ. ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ವೇಗ, ಈಸಿ ರನ್ ಅನ್ನುತ್ತಾರಲ್ಲ, ಅದು. ವಾರದ ನಾಲ್ಕರಲ್ಲಿ ಮೂರು ಓಟ ಹಾಗೇ.

ಒಂದು ಸಣ್ಣ ಪುಸ್ತಕ ಇಟ್ಟುಕೊಂಡೆ. ದೂರ, ಸಮಯ ವಾಚ್‌ನಲ್ಲಿ ಇದ್ದೇ ಇರುತ್ತದೆ. ಪುಸ್ತಕದಲ್ಲಿ ಓಟಕ್ಕೊಂದೇ ಸಾಲು, ಅವತ್ತು ಗಮನಿಸಿದ್ದು. ‘ತಿರುವಿನಲ್ಲಿ ಬಲಪಾದ ಹೊರಗೆ ವಾಲುತ್ತದೆ.’ ‘ಮಳೆ. ಒಂದು ಕಿ.ಮೀ. ಬೈದುಕೊಂಡೆ, ಆಮೇಲೆ ಬೈಯೋದು ಮರೆತೆ.’ ‘ಅದೇ ವೇಗ, ಎದೆಬಡಿತ 151 ಇದ್ದದ್ದು 143.’ ಈ ಕೊನೆಯ ಸಾಲು ಬರೆದ ದಿನ ಎಷ್ಟು ಖುಷಿಯಾಯಿತು ಅಂದರೆ, ಯಾರಿಗೂ ಹೇಳಬೇಕು ಅಂತಲೂ ಅನ್ನಿಸಲಿಲ್ಲ.

ಮನಸ್ಸಿಲ್ಲದ ದಿನಗಳು ಆಮೇಲೂ ಬಂದವು. ಅವಕ್ಕೆ ಒಂದೇ ನಿಯಮ. ಶೂ ಹಾಕಿಕೊಂಡು ಹತ್ತು ನಿಮಿಷ ಓಡುವುದು, ಆಗಲೂ ಬೇಡ ಅನ್ನಿಸಿದರೆ ತಪ್ಪಿತಸ್ಥ ಭಾವ ಇಲ್ಲದೆ ವಾಪಸ್. ಹದಿನೆಂಟು ವಾರದಲ್ಲಿ ಏಳು ಸಲ ವಾಪಸ್ ಬಂದೆ. ಪುಸ್ತಕ ತಿರುವಿ ನೋಡಿದರೆ ಅದರಲ್ಲಿ ಐದು ಸಲ ಹಿಂದಿನ ರಾತ್ರಿ ನಿದ್ದೆ ಸಾಲದು, ಒಂದು ಸಲ ಮಾರನೇ ದಿನ ಜ್ವರ. ಬರೀ ಸೋಮಾರಿತನ ಆಗಿದ್ದರೆ ಹತ್ತು ನಿಮಿಷದೊಳಗೆ ಕರಗಿಹೋಗುತ್ತಿತ್ತು.

ಜೋರಾಗಿ ಸ್ವಲ್ಪ, ನಿಧಾನ ಸ್ವಲ್ಪ ಅಂತ ಸರದಿಯಲ್ಲಿ ಓಡುವ ಇಂಟರ್ವಲ್ ಓಟವನ್ನು ಸಂಜೆಯಿಂದ ಬೆಳಗ್ಗೆಗೆ ಬದಲಾಯಿಸಿದ್ದೂ ಆಗಲೇ. ತಲೆ ದಣಿದಿದ್ದರೆ ವ್ಯಾಯಾಮವೂ ಕಷ್ಟ ಅನ್ನಿಸುತ್ತದೆ ಅಂತ ಸ್ಯಾಮುಯೆಲೆ ಮಾರ್ಕೋರ ಅನ್ನುವ ಸಂಶೋಧಕರು ಮತ್ತು ಅವರ ಸಂಗಡಿಗರು 2009ರಲ್ಲಿ ತೋರಿಸಿದ್ದರು. ತೊಂಬತ್ತು ನಿಮಿಷ ತಲೆಗೆ ಕೆಲಸ ಕೊಟ್ಟ ಮೇಲೆ ಸೈಕಲ್ ತುಳಿದವರು ಬೇಗ ಕೈಬಿಟ್ಟರು. ಅವರ ಹೃದಯ, ಸ್ನಾಯು ಎಲ್ಲಾ ಸರಿಯಾಗೇ ಇದ್ದವು, ಶ್ರಮ ಮಾತ್ರ ಜಾಸ್ತಿ ಅನ್ನಿಸುತ್ತಿತ್ತು. ಆಫೀಸು ಮುಗಿಸಿ ಬಂದು ಇಂಟರ್ವಲ್ ಆಗಲಿಲ್ಲ ಅಂತ ನನ್ನನ್ನೇ ಎಷ್ಟೋ ಸಲ ಬೈದುಕೊಂಡಿದ್ದೆ. ಸುಮ್ಮನೆ ಬೈದುಕೊಂಡಿದ್ದೆ.

ಲಾಂಗ್ ರನ್, ಅಂದರೆ ವಾರದ ಅತಿ ಉದ್ದದ ಓಟದ ವಿಷಯ ಬೇರೆ. ಹನ್ನೆರಡನೇ ವಾರ 28 ಕಿ.ಮೀ. ಇತ್ತು. 22ರ ಹತ್ತಿರ ಕಣ್ಣಲ್ಲಿ ನೀರು ಬಂತು, ಯಾಕೆ ಬೇಕಿತ್ತು ಇದೆಲ್ಲ ಅನ್ನಿಸಿತು. ಹಿಂದಿನ ವರ್ಷದ ಹಾಗೇ ಮತ್ತೆ ಒಳಗಿನದು ಬತ್ತಿಹೋಯಿತು ಅಂದುಕೊಂಡೆ. ಮನೆಗೆ ಬಂದು ನೋಡಿದರೆ ಓಡುವಾಗ ಶಕ್ತಿಗೆ ಅಂತ ಒಯ್ದಿದ್ದ ಸಿಹಿ ಜೆಲ್ ಪೊಟ್ಟಣ ಎರಡೂ ಜೇಬಿನಲ್ಲೇ ಇವೆ. ಮೂರು ಗಂಟೆಗೂ ಜಾಸ್ತಿ ನೀರು ಮಾತ್ರ ಕುಡಿದು ಓಡಿದ್ದೆ. ಮುಂದಿನ ಲಾಂಗ್ ರನ್‌ನಿಂದ ಗಂಟೆಗೆ ನಲವತ್ತೈವತ್ತು ಗ್ರಾಂ ಸಕ್ಕರೆ ಅಂಶ ಹೊಟ್ಟೆಗೆ ಹೋಗುವ ಹಾಗೆ ನೋಡಿಕೊಂಡೆ. ಆ ಅಳು ಮತ್ತೆ ಬರಲಿಲ್ಲ. ಓಡುವವರಿಗೆಲ್ಲ ನಾನು ಇದನ್ನು ಒತ್ತಿ ಹೇಳುತ್ತೇನೆ. ಉತ್ಸಾಹ ಎಲ್ಲಿ ಹೋಯಿತು ಅಂತ ಮನಸ್ಸು ಕೆದಕುವ ಮೊದಲು ಹೊಟ್ಟೆಗೆ ಏನು ಹಾಕಿದ್ದೀರಿ ನೋಡಿ.

ಹದಿನೈದನೇ ವಾರದ 32 ಕಿ.ಮೀ. ಓಟದಲ್ಲಿ ಇನ್ನೊಂದು ಸಿಕ್ಕಿತು. 27 ದಾಟಿದ ಮೇಲೆ ಒಂದು ಏರು. ತಲೆ ತಗ್ಗಿಸಿ ಹತ್ತುತ್ತಿದ್ದೆ. ನನ್ನ ಬಾಯಿಂದಲೇ ಜೋರಾಗಿ ಬಂತು: ‘ಮುಂದೆ ನೋಡು, ತುಳಿ.’ ಮಗಳಿಗೆ ಸೈಕಲ್ ಕಲಿಸುವಾಗ ಸೀಟು ಹಿಡಿದುಕೊಂಡು ಹಿಂದೆ ಓಡುತ್ತಾ ಹೇಳುತ್ತಿದ್ದ ಮಾತು. ಅದೇ ದನಿ, ಅದೇ ಅಕ್ಕರೆ. ಅಲ್ಲಿಯವರೆಗೆ ನನ್ನ ಜೊತೆ ನಾನು ಯಾವತ್ತೂ ಆ ದನಿಯಲ್ಲಿ ಮಾತಾಡಿರಲಿಲ್ಲ. ಕತ್ತು ಎತ್ತಿದೆ. ಏರು ಮುಗಿಯಿತು. ಆಮೇಲೆ ಗೊತ್ತಾಯಿತು, 2019ರ ಒಂದು ಅಧ್ಯಯನದಲ್ಲಿ ಹತ್ತು ಕಿ.ಮೀ. ಸೈಕಲ್ ತುಳಿದವರು ತಮ್ಮನ್ನು ‘ನಾನು’ ಅಂದುಕೊಂಡಾಗಿನದಕ್ಕಿಂತ ‘ನೀನು’ ಅಂತ ಕರೆದುಕೊಂಡಾಗ ಬೇಗ ಮುಗಿಸಿದ್ದರಂತೆ.

ಕೊನೆಯ ಮೂರು ವಾರ ಟೇಪರ್, ಓಟ ಕಡಿಮೆ, ನಿದ್ದೆ ಜಾಸ್ತಿ.

ಓಟದ ದಿನ 42.195 ಕಿ.ಮೀ.ನಲ್ಲಿ 34ರವರೆಗೆ ಚೆನ್ನಾಗಿತ್ತು. ಅಲ್ಲಿಂದ ತೊಡೆ ಕಲ್ಲಾಯಿತು. ಮುಂದೆ ನೋಡು, ತುಳಿ. ನೀರಿನ ಮೇಜಿನವರೆಗೆ. ಮತ್ತೆ ಮುಂದಿನ ಮೇಜಿನವರೆಗೆ. 4 ಗಂಟೆ 51 ನಿಮಿಷಕ್ಕೆ ಮುಗಿಸಿದೆ. ಗೆರೆಯ ಆಚೆ ಗಂಡ, ಮಗಳು ನಿಂತಿದ್ದರು. ಪುಸ್ತಕ ಮಗಳ ಕೈಯಲ್ಲಿತ್ತು.

ಮೂರು ದಿನ ಬಿಟ್ಟು ಬುಧವಾರ ಅಲಾರಾಂ ಇಲ್ಲದೆಯೇ ಐದಕ್ಕೆ ಎಚ್ಚರವಾಯಿತು. ಮುಂದೆ ಯಾವ ಓಟಕ್ಕೂ ಹೆಸರು ಕೊಟ್ಟಿರಲಿಲ್ಲ. ಶೂ ಹಾಕಿಕೊಂಡು ಹೊರಗೆ ಬಂದೆ. ಕಾಲು ಇನ್ನೂ ಬಿಗಿದುಕೊಂಡಿತ್ತು, ಹತ್ತು ನಿಮಿಷಕ್ಕೇ ತಿರುಗಿದೆ. ಪುಸ್ತಕದಲ್ಲಿ ಎಂಟನೇ ‘ವಾಪಸ್’ ಬರೆದು, ಹೋಗಿ ಮಲಗಿದೆ.