ಪಿತ್ರಾರ್ಜಿತ ಆಸ್ತಿ ತೆರಿಗೆ: ಭಯಕ್ಕಿಂತ ಮೊದಲು ಪಟ್ಟಿ

ಹುಬ್ಬಳ್ಳಿಯಲ್ಲಿ ತೆರಿಗೆ ಲೆಕ್ಕ ನೋಡುವುದು ನನ್ನ ಕೆಲಸ. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ಟಿವಿಯಲ್ಲಿ ಅಮೆರಿಕದ ಪಿತ್ರಾರ್ಜಿತ ಆಸ್ತಿ ತೆರಿಗೆಯ, ಅಂದರೆ ಸತ್ತವರ ಆಸ್ತಿ ವಾರಸುದಾರರಿಗೆ ಹೋಗುವಾಗ ಬೀಳುವ ತೆರಿಗೆಯ ಮಾತು ಬಂದದ್ದೇ ತಡ, ಅದು ಇಲ್ಲಿಗೂ ಬಂದೀತು ಎಂಬ ಭಯದಿಂದ ನವಲಗುಂದ, ಕುಂದಗೋಳ ಕಡೆಯ ರೈತರು, ಅಮರಗೋಳ ಎಪಿಎಂಸಿಯ ವ್ಯಾಪಾರಸ್ಥರು ಆಫೀಸಿಗೆ ಬರತೊಡಗಿದರು. 'ಸಾಹೇಬ್ರ, ಈಗ್ಲೇ ಮಕ್ಕಳ ಹೆಸರಿಗೆ ಮಾಡಿಬಿಡ್ಲೇನ್ರಿ?' ಎಲ್ಲರದ್ದೂ ಇದೇ ಪ್ರಶ್ನೆ.

ಆ ಭಯ ಸುಮ್ನೆ ಹುಟ್ಟಿದ್ದಲ್ಲ. 1980ರಲ್ಲಿ ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ನರಗುಂದ, ನವಲಗುಂದದ ರೈತರು ಎದ್ದು ನಿಂತಿದ್ದರು. ಗೋಲಿಬಾರ್‌ ಆಗಿ ಜೀವ ಹೋಗಿದ್ದವು. ಹೊಲಕ್ಕೆ ತೆರಿಗೆ ಅಂದರೆ ಈ ಕಡೆ ಯಾರೂ ಹಗುರವಾಗಿ ತಗೊಳ್ಳುವುದಿಲ್ಲ.

ಹಾಗಾಗಿ ನಾನು ಧೈರ್ಯ ಹೇಳಲು ಹೋಗಲಿಲ್ಲ, ಪಟ್ಟಿ ಬರೆಸಿದೆ. ಹೊಲದ ಉತಾರ (ಪಹಣಿ), ಮನೆ, ಅಂಗಡಿ, ಬಂಗಾರ, ಠೇವಣಿ ಒಂದು ಕಡೆ. ಸಾಲ ಇನ್ನೊಂದು ಕಡೆ. ಉಳಿದದ್ದು ಎಷ್ಟು? ಅದರ ಕೆಳಗೆ ಅಮೆರಿಕದ ವಿನಾಯಿತಿ ಮಿತಿ ಬರೆದೆ. 2024ರಲ್ಲಿ ಅಲ್ಲಿ ಒಬ್ಬ ವ್ಯಕ್ತಿಗೆ 1.36 ಕೋಟಿ ಡಾಲರ್‌ವರೆಗೆ ಕೇಂದ್ರದ ತೆರಿಗೆ ಇರಲಿಲ್ಲ. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಜಾಸ್ತಿ. ಗಂಡ ಹೆಂಡತಿ ಸೇರಿದರೆ ಅದರ ದುಪ್ಪಟ್ಟು. ದಾಟಿದ ಭಾಗಕ್ಕೆ ಮಾತ್ರ ಗರಿಷ್ಠ ಶೇ. 40. ಬಂದವರಲ್ಲಿ ಯಾರ ಪಟ್ಟಿಯೂ ಅದರ ಹತ್ತಿರ ಸುಳಿಯಲಿಲ್ಲ.

ನಮ್ಮಲ್ಲೂ ಈ ತೆರಿಗೆ ಇತ್ತು ಅಂದಾಗ ಹುಡುಗರಿಗೆ ಆಶ್ಚರ್ಯ. 1953ರಿಂದ 1985ರವರೆಗೆ ಎಸ್ಟೇಟ್ ಡ್ಯೂಟಿ ಜಾರಿಯಲ್ಲಿತ್ತು. ಮೇಲಿನ ದರ ಶೇ. 85 ಮುಟ್ಟಿತ್ತು. ಆದರೆ ರದ್ದು ಮಾಡುವ ಹೊತ್ತಿಗೆ ವರ್ಷದ ವಸೂಲಿ ಬರೀ 20 ಕೋಟಿ ರೂಪಾಯಿ ಆಸುಪಾಸು. ಆಗಿನ ಹಣಕಾಸು ಸಚಿವ ವಿ.ಪಿ. ಸಿಂಗ್ ಅದನ್ನು ಕೈಬಿಟ್ಟರು. ದರ ಕಾಗದದ ಮೇಲೆ ಎಷ್ಟೇ ಇರಲಿ, ದೊಡ್ಡ ಆಸ್ತಿ ಕೈಗೆ ಸಿಗದಿದ್ದರೆ ಏನು ಬಂತು? ಇನ್ನು ಹೊಲದ ವಿಷಯ. ಕೃಷಿ ಭೂಮಿಯ ವಾರಸುದಾರಿಕೆಗೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಯಲ್ಲಿದೆ, ಕೇಂದ್ರ ತಾನಾಗಿಯೇ ಹಾಕಲು ಬರುವುದಿಲ್ಲ. ಇದನ್ನು ಹೇಳಿದ ಮೇಲೆ ರೈತರು ಸ್ವಲ್ಪ ಸಮಾಧಾನವಾದರು.

ನನ್ನನ್ನು ಕಾಡಿದ್ದು ಬೇರೆ. ಈ ಗಾಬರಿಯಲ್ಲಿ ಒಬ್ಬ ಯಜಮಾನರು ಅಜ್ಜನ ಕಾಲದ ಅಂಗಡಿಗಳನ್ನು ಗಂಡುಮಕ್ಕಳಿಗೆ ದಾನಪತ್ರ ಮಾಡಿಕೊಡಲು ತಯಾರಾಗಿ ಬಂದಿದ್ದರು. ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರೇ ಇರಲಿಲ್ಲ. 'ಯಜಮಾನ್ರ, ಪಿತ್ರಾರ್ಜಿತದಾಗ ಮಗಳಿಗೂ ಮಗನಷ್ಟ ಪಾಲು ಐತ್ರಿ. ನೀವೊಬ್ರ ಬರೆದುಕೊಡಾಕ ಬರೂದಿಲ್ಲ' ಎಂದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ತೋರಿಸಿದೆ. ಕರ್ನಾಟಕ 1994ರಲ್ಲೇ ಈ ದಾರಿ ತೆರೆದಿತ್ತು. ಅವರು ಸ್ವಂತ ದುಡಿದು ಕಟ್ಟಿಸಿದ ಮನೆಯೂ ಅದೇ ಪಟ್ಟಿಯಲ್ಲಿತ್ತು. ಇವತ್ತು ದಾನ ಕೊಟ್ಟರೆ ನಾಳೆ ಮನಸ್ಸು ಬದಲಾದರೂ ವಾಪಸ್ ಪಡೆಯುವುದು ಬಹಳ ಕಷ್ಟ. ಮೃತ್ಯುಪತ್ರವಾದರೆ ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ತಿದ್ದಬಹುದು. ಮನೆಗೆ ಮೃತ್ಯುಪತ್ರ, ಅಂಗಡಿಗಳಿಗೆ ಎಲ್ಲ ಮಕ್ಕಳೂ ಕೂತು ವಾಟ್ನಿ (ಪಾಲುಪತ್ರ), ಹೀಗೆ ಮಾಡಿಸಿದೆ.

ತೆರಿಗೆಯೇ ಬೇಡ ಅನ್ನುವವನು ನಾನಲ್ಲ. ನೂರಾರು ಕೋಟಿ ಆಸ್ತಿ ಏನೂ ಕೊಡದೆ ಕೈ ಬದಲಾಗುವುದು ನ್ಯಾಯವಲ್ಲ ಅಂತಲೇ ನನ್ನ ನಂಬಿಕೆ. ಆದರೆ ವಿನಾಯಿತಿ ಮೊತ್ತದ ಮೇಲಿರಲಿ, ಆಸ್ತಿ ಯಾವ ಬಗೆಯದು ಅನ್ನುವುದರ ಮೇಲೆ ಬೇಡ. ಹೊಲಕ್ಕೆ ಪೂರ್ತಿ ಬಿಟ್ಟರೆ ಕೋಟ್ಯಧಿಪತಿಗಳು ಹೊಲ ಕೊಳ್ಳುತ್ತಾರೆ, ಟ್ರಸ್ಟಿಗೆ ಬಿಟ್ಟರೆ ಟ್ರಸ್ಟ್ ಕಟ್ಟುತ್ತಾರೆ. ಬ್ರಿಟನ್ 2024ರಲ್ಲಿ ಕೃಷಿ ಆಸ್ತಿಯ ರಿಯಾಯಿತಿಗೆ ಮಿತಿ ಹಾಕುವುದಾಗಿ ಹೇಳಿದಾಗ ರೈತರು ಲಂಡನ್ನಿಗೆ ಟ್ರ್ಯಾಕ್ಟರ್ ತಂದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಅದಕ್ಕೇ ಮಿತಿಯನ್ನು ದುಡಿಯುವ ರೈತನ ತಲೆಯ ಮೇಲಿಂದ ಎಷ್ಟೋ ಎತ್ತರಕ್ಕೆ ಇಡಬೇಕು, ಬೆಲೆ ಏರಿದಂತೆ ಅದನ್ನೂ ಏರಿಸಬೇಕು.